ಸಮಾಧಾನ ಕೊಟ್ಟ ತೀರ್ಪಿಗೆ ಒಂದು ವರ್ಷ

ಕ್ರಿಸ್ತನಲ್ಲಿ ಪ್ರಿಯರಾದ ಬೆಟಗೇರಿಯ ಸಭೆಯ ಹಿರಿಯರಿಗೂ ಸಹೋದರ ಸಹೋದರಿಯರಿಗೂ ನಮ್ಮ ಓಣಿಯ ನೆರೆಹೊರೆಯವರಿಗೂ ವಂದನೆಗಳು.

ನನ್ನ ಎಡಗಡೆಯ ಮೂತ್ರಪಿಂಡವನ್ನು ಅಣ್ಣನ ದೇಹಕ್ಕೆ ಜೋಡಿಸಿ ಈ ವಾರಕ್ಕೆ ಒಂದು ವರ್ಷ ತುಂಬಿತು. ಅಣ್ಣ ಮತ್ತೆ ಅಂಗಡಿಯಲ್ಲಿ ಕುಳಿತುಕೊಳ್ಳುತ್ತಿದ್ದಾನೆ. ನಾನು ಮೂರನೆಯ ತಿಂಗಳಿಗೇ ಶಾಲೆಗೆ ಮರಳಿದೆ. ಕಳೆದ ಭಾನುವಾರ ಕೃತಜ್ಞತಾ ಕಾಣಿಕೆ ಅರ್ಪಿಸಿ ಸಾಕ್ಷಿ ಹೇಳಲು ಎದ್ದು ನಿಂತೆನಾದರೂ ಗಂಟಲು ಕಟ್ಟಿ ಎರಡು ಮಾತಿಗಿಂತ ಹೆಚ್ಚು ಆಡಲಾಗಲಿಲ್ಲ. ಅಂದು ಉಳಿದುಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ತಮ್ಮನೆಂದರೆ ಹೀಗಿರಬೇಕು ಎಂದು ನಿಮ್ಮಲ್ಲಿ ಅನೇಕರು ಹೊಗಳಿದ್ದೀರಿ. ಆ ಹೊಗಳಿಕೆಯನ್ನು ಸುಮ್ಮನೆ ಕೇಳಿಸಿಕೊಂಡರೆ ದೇವರ ಮುಂದೆ ಸುಳ್ಳಾಡಿದಂತಾಗುತ್ತದೆ. ಅಪ್ಪ ಕಟ್ಟಿಸಿದ ಮನೆಯ ಪಾಲಿನ ವಿಷಯದಲ್ಲಿ ನನಗೆ ಅನ್ಯಾಯವಾಯಿತೆಂದು ಏಳು ವರ್ಷ ನಾನು ಅಣ್ಣನೊಂದಿಗೆ ಮಾತು ಬಿಟ್ಟಿದ್ದೆ. ಒಂದೇ ದೇವಾಲಯಕ್ಕೆ ಬರುತ್ತಿದ್ದೆವು. ಅವನು ಬಲಗಡೆಯ ಬೆಂಚುಗಳಲ್ಲಿ, ನಾನು ಎಡಗಡೆ ಕಿಟಕಿಯ ಬಳಿ. ಅವ್ವನ ನೆನಪಿನ ಪ್ರಾರ್ಥನೆಯನ್ನೂ ಎರಡು ಮನೆಗಳಲ್ಲಿ ಬೇರೆ ಬೇರೆಯಾಗಿ ಮಾಡಿಸಿದ್ದೆವು.

ಅವನ ಎರಡೂ ಮೂತ್ರಪಿಂಡಗಳು ಕೆಟ್ಟು ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ತಾಸು ಡಯಾಲಿಸಿಸ್ ನಡೆಯುತ್ತಿದೆಯೆಂದು ತಿಳಿದ ಮೇಲೂ ನಾನು ಹೋಗಿರಲಿಲ್ಲ. "ಅವರು ನಿಮ್ಮ ಅಣ್ಣ. ನೋಡಿಕೊಂಡರೆ ಬರ್ರಿ, ಮಾತಾಡೂದು ಬ್ಯಾಡ ಅಂದ್ರ ಮಾತಾಡಬ್ಯಾಡ್ರಿ" ಎಂದು ಹೆಂಡತಿ ಹೇಳಿದ ಮೇಲೆ ಹೋದೆ. ಕಣ್ಣು ಮುಚ್ಚಿ ಮಲಗಿದ್ದ ಅಣ್ಣ ಕಣ್ಣು ತೆರೆದು, ನಡುವೆ ಏಳು ವರ್ಷಗಳು ಹೋಗೇ ಇಲ್ಲವೆಂಬಂತೆ, "ಊಟ ಆತೇನೋ?" ಎಂದು ಕೇಳಿದ. ಸೂಜಿ ಚುಚ್ಚಲೆಂದು ರಕ್ತನಾಳಗಳನ್ನು ಕೂಡಿಸಿ ಮಾಡುವ ಫಿಸ್ಟುಲಾ ಅವನ ಎಡಗೈಯಲ್ಲಿ ಹಗ್ಗದಂತೆ ಉಬ್ಬಿತ್ತು. ಡಯಾಲಿಸಿಸ್ ಮುಗಿದು ಪಟ್ಟಿ ಕಟ್ಟಿದ ಮೇಲೆ ಅವನನ್ನು ಎಬ್ಬಿಸಲು ಆ ಕೈ ಹಿಡಿದಾಗ, ಚರ್ಮದ ಕೆಳಗೆ ತಂಬೂರಿಯ ತಂತಿ ಮೀಟಿದಂತಹ ಒಂದು ಕಂಪನ ನನ್ನ ಬೆರಳುಗಳಿಗೆ ತಾಗಿತು. ಅದು ರಕ್ತ ಹರಿಯುವ ರಭಸ, ಹಾಗೆ ಮಿಡಿಯುತ್ತಿದ್ದರೆ ಒಳ್ಳೆಯದು ಎಂದು ನರ್ಸ್ ವಿವರಿಸಿದರು.

ಕಸಿ ಮಾಡಿಸುವುದೇ ಮೇಲೆಂದು ವೈದ್ಯರು ಹೇಳಿದ್ದರು. ಅಣ್ಣನ ಹೆಂಡತಿ, ನಮ್ಮ ವೈನಿಗೆ ಸಕ್ಕರೆ ಕಾಯಿಲೆ, ಮಕ್ಕಳು ಚಿಕ್ಕವರು, ನನ್ನ ರಕ್ತದ ಗುಂಪು ಅಣ್ಣನದೇ. ಯಾರೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಕೊಡಲು ಒಂದು ಉತ್ತರವನ್ನು ಸಿದ್ಧಪಡಿಸಿಕೊಂಡಿದ್ದೆ: ಪ್ರಾರ್ಥನೆ ಮಾಡಿದ್ದೇನೆ, ನನಗೆ ಇದರಲ್ಲಿ ಸಮಾಧಾನವಿಲ್ಲ. ನಮ್ಮ ವಿಶ್ವಾಸಿಗಳ ನಡುವೆ ಈ ಮಾತು ಹೇಳಿದರೆ ಮುಂದೆ ಯಾರೂ ಪ್ರಶ್ನಿಸುವುದಿಲ್ಲ. ಮೂರು ತಿಂಗಳು ಆ ಮಾತಿನ ಮರೆಯಲ್ಲಿ ನಿಂತಿದ್ದೆ.

ನಮ್ಮ ಸಭಾಪಾಲಕರಿಗೆ ನನ್ನ ಮೊದಲ ಕೃತಜ್ಞತೆ. ಅವರು ಕೊಡು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಬೈಬಲಿನಲ್ಲಿ ಅಪೊಸ್ತಲ ಪೌಲನು ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯನ್ನು ಒಂದೇ ಸಲಕ್ಕೆ ಕುಳಿತು ಓದು, ಅದರ ಜೊತೆಗೆ ಫಿಲೆಮೋನನಿಗೆ ಬರೆದದ್ದನ್ನೂ ಓದು ಎಂದರು. ಕ್ರಿಸ್ತನ ಸಮಾಧಾನವು ನಿಮ್ಮ ಹೃದಯಗಳಲ್ಲಿ ಆಳಲಿ ಎಂಬ ಮೂರನೆಯ ಅಧ್ಯಾಯದ ಹದಿನೈದನೆಯ ವಚನ ನನಗೆ ಬಾಯಿಪಾಠವಾಗಿತ್ತು. ಅದಕ್ಕಿಂತ ಎರಡೇ ವಚನ ಮೇಲೆ, ಒಬ್ಬರ ಮೇಲೊಬ್ಬರಿಗೆ ದೂರಿದ್ದರೆ ಕರ್ತನು ನಿಮ್ಮನ್ನು ಕ್ಷಮಿಸಿದಂತೆ ನೀವೂ ಕ್ಷಮಿಸಿರಿ ಎಂದಿರುವುದನ್ನು ನಾನು ಎಂದೂ ಅದಕ್ಕೆ ಹೊಂದಿಸಿ ಓದಿರಲಿಲ್ಲ. 'ಆಳಲಿ' ಎಂದು ಅನುವಾದವಾಗಿರುವ ಗ್ರೀಕ್ ಕ್ರಿಯಾಪದದ ಮೂಲದಲ್ಲಿ ಕ್ರೀಡೆಗಳಲ್ಲಿ ಗೆದ್ದವರು ಯಾರೆಂದು ತೀರ್ಮಾನಿಸಿ ಬಹುಮಾನ ಕೊಡುವ ನಿರ್ಣಾಯಕನಿದ್ದಾನೆಂದು ಸಭಾಪಾಲಕರು ತಿಳಿಸಿದರು. ನಾನಾದರೋ ಆ ನಿರ್ಣಾಯಕನ ಜಾಗದಲ್ಲಿ ನನ್ನ ಮುನಿಸನ್ನೇ ಕೂರಿಸಿ, ಅದು ಹೇಳಿದ್ದನ್ನು ದೇವರ ತೀರ್ಪೆಂದು ನಂಬಿದ್ದೆ.

ಫಿಲೆಮೋನನ ಪತ್ರಿಕೆ ನನ್ನನ್ನು ಇನ್ನಷ್ಟು ಕಲಕಿತು. ಪೌಲನು ಸೆರೆಯಲ್ಲಿದ್ದು, ತಾನು ಮುಖ ನೋಡದ ಕೊಲೊಸ್ಸೆಯ ಸಭೆಗೆ ಪತ್ರ ಕಳಿಸಿದಾಗ ತುಖಿಕನ ಜೊತೆ ಹೊರಟವನು ಒನೇಸಿಮ, ಯಜಮಾನನಾದ ಫಿಲೆಮೋನನಿಂದ ಅಗಲಿಹೋಗಿದ್ದ ದಾಸ. ಅಂದರೆ ಸಮಾಧಾನವು ಆಳಲಿ ಎಂಬ ಮಾತನ್ನು ಆ ಸಭೆ ಕೇಳುವ ಹೊತ್ತಿಗೆ, ಮನಸ್ತಾಪಕ್ಕೆ ಕಾರಣನಾದವನೇ ಬಾಗಿಲಲ್ಲಿ ನಿಂತಿದ್ದಾನೆ. ಅವನನ್ನು ಪ್ರಿಯ ಸಹೋದರನಂತೆ ಸೇರಿಸಿಕೋ, ಅವನಿಂದ ಏನಾದರೂ ಬರಬೇಕಾಗಿದ್ದರೆ ನನ್ನ ಲೆಕ್ಕಕ್ಕೆ ಹಾಕು ಎಂದು ಪೌಲ ಬರೆಯುತ್ತಾನೆ. ಮನೆಯ ಪಾಲಿನ ಲೆಕ್ಕವನ್ನು ಏಳು ವರ್ಷ ಎದೆಯಲ್ಲಿ ಬರೆದಿಟ್ಟುಕೊಂಡಿದ್ದ ನನಗೆ ಆ ಸಾಲನ್ನು ದಾಟಿ ಮುಂದೆ ಓದಲಾಗಲಿಲ್ಲ.

ನಮ್ಮ ಕನ್ನಡದಲ್ಲಿ ಅಳುವ ಮಗುವನ್ನೂ ಸಮಾಧಾನ ಮಾಡುತ್ತೇವೆ, ಜಗಳವಾಡಿದ ಇಬ್ಬರನ್ನು ಕಟ್ಟೆಯ ಮೇಲೆ ಕೂರಿಸಿಯೂ ಸಮಾಧಾನ ಮಾಡಿಸುತ್ತೇವೆ. ನಾನು ಮೊದಲಿನದನ್ನು ಮಾತ್ರ ಬೇಡುತ್ತಿದ್ದೆ. ಎರಡನೆಯದಿಲ್ಲದೆ ಅದು ಸಿಗಲಿಲ್ಲ. ಮರುದಿನ ಸಂಜೆ ಅಣ್ಣನ ಮನೆಗೆ ಹೋಗಿ, ಮನೆಯ ವಿಷಯ ನನ್ನ ಕಡೆಯಿಂದ ಮುಗಿಯಿತು ಎಂದೆ. ಮೂತ್ರಪಿಂಡದ ಮಾತನ್ನು ಅಂದು ಎತ್ತಲಿಲ್ಲ, ಒಂದಕ್ಕೊಂದು ಬೆಲೆಯಾಗಬಾರದಿತ್ತು. ಅಣ್ಣ ಅತ್ತ. ತನ್ನ ತಪ್ಪನ್ನೂ ಹೇಳಿಕೊಂಡ, ಅದನ್ನು ಇಲ್ಲಿ ಬರೆಯುವುದಿಲ್ಲ. ಒಂದು ವಾರದ ನಂತರ ನನ್ನ ನಿರ್ಧಾರವನ್ನು ತಿಳಿಸಿದೆ.

ಹೆದರಿಕೆ ಹೋಗಲಿಲ್ಲ. ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ನಿದ್ದೆ ಬರಲಿಲ್ಲ, ಕೈಗಳು ತಣ್ಣಗಾಗಿದ್ದವು. ಆದರೂ ತೆಗೆದುಕೊಂಡ ನಿರ್ಧಾರ ಒಮ್ಮೆಯೂ ಅಲುಗಲಿಲ್ಲ. ಫಿಲಿಪ್ಪಿಯವರಿಗೆ ಬರೆಯುವಾಗ ದೇವರ ಶಾಂತಿಯು ಹೃದಯಗಳನ್ನು ಕಾಯುವುದು ಎಂದು ಪೌಲ ಬಳಸಿದ ಪದ, ಊರಿಗೆ ಸೈನಿಕರು ಕೊಡುವ ಕಾವಲಿನದು. ನಿವೃತ್ತ ರೋಮನ್ ಸೈನಿಕರನ್ನು ನೆಲೆಗೊಳಿಸಿದ್ದ ಆ ಊರಿನವರಿಗೆ ಅದು ಚೆನ್ನಾಗಿ ತಿಳಿದಿರಬೇಕು. ಕಾವಲಿದ್ದರೂ ಹೊರಗಿನ ಗದ್ದಲ ಕಿವಿಗೆ ಬೀಳುತ್ತದೆ. ನನಗೂ ಆ ರಾತ್ರಿ ಬೀಳುತ್ತಿತ್ತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ನನ್ನ ಈ ಸಾಕ್ಷಿಯನ್ನು ತೋರಿಸಿ ಬೇರೆ ಯಾರನ್ನೂ ದಾನಕ್ಕೆ ಒತ್ತಾಯಿಸಬೇಡಿ. 1994ರ ಅಂಗಾಂಗ ಕಸಿ ಕಾಯ್ದೆಯಲ್ಲಿ ಒಡಹುಟ್ಟಿದವರು ಹತ್ತಿರದ ಸಂಬಂಧಿಗಳಾಗಿಯೇ ಬರುತ್ತಾರೆ. ಆದರೂ ಇದು ನಿಮ್ಮ ಸ್ವಂತ ಇಚ್ಛೆಯೇ ಎಂದು ನನ್ನನ್ನು ಒಬ್ಬನನ್ನೇ ಕೂರಿಸಿ ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದು. ಅಣ್ಣನೊಂದಿಗೆ ರಾಜಿಯಾಗಿಯೂ ಮೂತ್ರಪಿಂಡ ಕೊಡಲಾರದ ತಮ್ಮನನ್ನು ಕರ್ತನು ಹಿಡಿದು ಶಿಕ್ಷಿಸುತ್ತಾನೆಂದು ನಾನು ನಂಬುವುದಿಲ್ಲ.

ಹುಬ್ಬಳ್ಳಿಯ ವೈದ್ಯರಿಗೂ ರಾತ್ರಿಪಾಳಿಯ ನರ್ಸ್‌ಗಳಿಗೂ ನಾನು ಋಣಿ. ಬೇಡವೆನ್ನುವ ಹಕ್ಕಿದ್ದೂ ಮೂರು ದಿನ ಉಪವಾಸವಿದ್ದು ಪ್ರಾರ್ಥಿಸಿ ಒಪ್ಪಿಗೆ ಕೊಟ್ಟ ನನ್ನ ಹೆಂಡತಿಗೆ ಹೇಳಲು ನನ್ನಲ್ಲಿ ಮಾತಿಲ್ಲ. ತಿಂಗಳುಗಟ್ಟಲೆ ಉಪ್ಪು ಕಡಿಮೆ ಹಾಕಿ ಅಣ್ಣನ ಬುತ್ತಿಯನ್ನು ಬೇರೆಯಾಗಿ ಕಟ್ಟಿದ ಸಭೆಯ ಸಹೋದರಿಯರಿಗೆ, ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ತನ್ನ ಮಗ್ಗದ ಕೆಲಸ ನಿಲ್ಲಿಸಿ ನಮ್ಮನ್ನು ಮತ್ತೆ ಮತ್ತೆ ಕರೆದೊಯ್ದ ನೆರೆಮನೆಯ ನೇಕಾರ ಗೆಳೆಯನಿಗೆ, ನನ್ನ ತರಗತಿಗಳನ್ನು ಹಂಚಿಕೊಂಡ ಸಹೋದ್ಯೋಗಿಗಳಿಗೆ ಕೈಮುಗಿಯುತ್ತೇನೆ.

ನಮ್ಮ ದಕ್ಷಿಣ ಭಾರತ ಸಭೆಯ ಕರ್ತನ ಭೋಜನದ ಕ್ರಮ 1950ರಲ್ಲಿ ರೂಪುಗೊಂಡಾಗ, ಸಿರಿಯನ್ ಕ್ರೈಸ್ತರಲ್ಲಿ ಉಳಿದುಬಂದಿದ್ದ ಪದ್ಧತಿಯಂತೆ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ವಿಧಿ ಅದರಲ್ಲಿ ಸೇರಿತು. ಒಬ್ಬರ ಬಲ ಅಂಗೈಗೆ ಇನ್ನೊಬ್ಬರ ಬಲ ಅಂಗೈ, ಮೇಲೆ ಎಡಗೈ. ಏಳು ವರ್ಷ ನಡುವಿನ ದಾರಿ ನನ್ನನ್ನು ಅಣ್ಣನ ಕೈಯಿಂದ ದೂರವಿಟ್ಟಿತ್ತು. ಕಳೆದ ಭಾನುವಾರ ಒಂದೇ ಬೆಂಚಿನಲ್ಲಿದ್ದೆವು. ಅವನು ನನ್ನ ಕಡೆ ತಿರುಗಿ ಬಲಗೈ ಕೊಟ್ಟು, ಎಡಗೈಯನ್ನು ಮೇಲಿಟ್ಟ. ಡಯಾಲಿಸಿಸ್ ನಿಂತು ವರ್ಷವಾದರೂ ಫಿಸ್ಟುಲಾ ಹಾಗೆಯೇ ಇದೆ. ಅವನ ಮಣಿಕಟ್ಟು ನನ್ನ ಕೈಗೆ ತಾಗಿದಾಗ ಅದೇ ಕಂಪನ ತಿಳಿಯಿತು.

ಡಯಾಲಿಸಿಸ್‌ಗೆಂದು ಅಣ್ಣ ಮಲಗುತ್ತಿದ್ದ ಹಾಸಿಗೆಯಲ್ಲಿ ಈಗ ಮತ್ತೊಬ್ಬರಿದ್ದಾರೆ. ಬುಧವಾರದ ಪ್ರಾರ್ಥನಾ ಕೂಟದಲ್ಲಿ ಆ ಕೊಠಡಿಯಲ್ಲಿರುವ ಎಲ್ಲರನ್ನೂ ನೆನೆಯಬೇಕೆಂದು ಬೇಡಿಕೊಳ್ಳುತ್ತೇನೆ. ಅಣ್ಣನೂ ನಾನೂ ಅಂದು ಇರುತ್ತೇವೆ.