‘ತಾಯಿಯ ಉದ್ಯೋಗ’ ಎಂಬ ಸಣ್ಣ ಜಾಗ

ಮಾನ್ಯ ಸಂಪಾದಕರೇ,

ಮಗಳ ಶಾಲೆಯ ಅರ್ಜಿ ತುಂಬುವಾಗ ‘ತಾಯಿಯ ಉದ್ಯೋಗ’ ಎಂಬಲ್ಲಿ ನನ್ನ ಪೆನ್ನು ಈ ವರ್ಷವೂ ನಿಂತಿತು. ಬೆಳಗಿನ ನೀರುದೋಸೆಯಿಂದ ತೊಡಗಿ ರಾತ್ರಿ ಗಂಜಿಯ ಪಾತ್ರೆ ತೊಳೆದು ಕವುಚಿಡುವವರೆಗಿನ ದುಡಿಮೆಗೆ ಬೇರೆ ಹೆಸರು ಹೊಳೆಯದೆ ‘ಗೃಹಿಣಿ’ ಎಂದು ಬರೆದೆ. “ಅಂದ್ರೆ ಕೆಲಸ ಇಲ್ಲ ಅಂತ ಅಲ್ವಾ ಅಮ್ಮ?” ಎಂದಳು ಮಗಳು. ಅಡಿಕೆ ತೋಟದಲ್ಲಿ ಇಬ್ಬರೂ ಸಮನಾಗಿ ಬೆವರಿದರೂ ಯಜಮಾನರ ಹೆಸರಿನ ಮುಂದೆ ‘ಕೃಷಿಕ’ ಎಂದು ತಡವರಿಸದೆ ಬರೆದವಳು ನಾನೇ ಎಂಬುದನ್ನು ಒಪ್ಪಿಕೊಳ್ಳಬೇಕು.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿನ ಕನ್ನಡ ತಾಯಂದಿರಿಗೆ ಅನುವಾದಕಿಯ ಹುದ್ದೆಯೂ ಸಂಬಳವಿಲ್ಲದೆ ಒದಗಿದೆ. ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾನೂನು 2017ರಲ್ಲಿ ಬಂದ ಬಳಿಕ, ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಮಗಳ ಜೊತೆ ಕುಳಿತು ಅವಳಿಗಿಂತ ನಿಧಾನವಾಗಿ ಆ ಅಕ್ಷರಗಳನ್ನು ತಿದ್ದುತ್ತಿದ್ದೇನೆ. ಪಾಠಕ್ಕೆ ಕನ್ನಡ, ಸುತ್ತೋಲೆಗೆ ಮಲಯಾಳ. ಗದರಿಸಲು ಮಾತ್ರ ತುಳುವಿನಷ್ಟು ಅನುಕೂಲ ಇನ್ನೊಂದಿಲ್ಲ.

ಮುಂದಿನ ವರ್ಷ ಅರ್ಜಿಯನ್ನು ಕನ್ನಡದಲ್ಲಿಯೂ ಮುದ್ರಿಸಿ, ಆ ಜಾಗವನ್ನು ಎರಡು ಸಾಲಿನಷ್ಟಾದರೂ ಹಿಗ್ಗಿಸಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿ.

– ಓರ್ವ ತಾಯಿ, ಬದಿಯಡ್ಕ