ಟ್ಯಾಂಕಿನ ಬಾಯಿಗೆ ಬಾಂಡಿಂಗ್ ತಂತಿಯೇ ಇಲ್ಲದ ವಿಮಾನ ಕಿಟ್ ಬಗ್ಗೆ ದೂರು

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ಫೈಬರ್‌ಗ್ಲಾಸ್ ವಿಮಾನದ ಕಿಟ್‌ನಲ್ಲಿ ಸ್ಥಾಯಿ ವಿದ್ಯುತ್ (ಸ್ಟ್ಯಾಟಿಕ್) ಇಳಿದುಹೋಗಲು ದಾರಿ ಇಲ್ಲದಿರುವುದು

ಮಾನ್ಯರೇ,

ನಿಮ್ಮ ಎರಡು ಸೀಟಿನ ಫೈಬರ್‌ಗ್ಲಾಸ್ ವಿಮಾನದ ಕಿಟ್ ಕೊಂಡು, ನಾನೇ ಜೋಡಿಸಿ ಹಾರಿಸುತ್ತಿದ್ದೇನೆ. ಕಳೆದ ತಿಂಗಳು ಪೆಟ್ರೋಲ್ ತುಂಬಿಸಲು ಹೋದೆ. ಟ್ಯಾಂಕಿನ ಮುಚ್ಚಳಕ್ಕೆ ಬೆರಳು ತಾಗುವ ಮೊದಲೇ ಚಟ್ ಎಂದು ಕಿಡಿ ಹಾರಿತು. ಮುಚ್ಚಳ ಇನ್ನೂ ಬಿಗಿಯಾಗಿಯೇ ಇತ್ತು. ತೆಗೆದಿದ್ದರೆ ಏನಾಗುತ್ತಿತ್ತೋ ಎಂದು ನೆನೆದರೆ ಈಗಲೂ ಕೈ ನಡುಗುತ್ತದೆ.

ಮಲ್ಟಿಮೀಟರ್ ಇಟ್ಟು ನೋಡಿದೆ. ಟ್ಯಾಂಕಿನ ಬಾಯಲ್ಲಿರುವ ಅಲ್ಯೂಮಿನಿಯಂ ರಿಂಗ್‌ಗೂ ಎಂಜಿನ್‌ಗೂ ಸಂಪರ್ಕವೇ ಇಲ್ಲ. ಸುತ್ತ ಫೈಬರ್‌ಗ್ಲಾಸ್, ಮೇಲೆ ರಬ್ಬರ್ ಸೀಲ್. ಹೀಗೆ ಒಂಟಿಯಾಗಿ ಬಿಟ್ಟ ಲೋಹದ ತುಂಡಿನಲ್ಲಿ ಚಾರ್ಜ್ ಸೇರುತ್ತಾ ಹೋಗುತ್ತದೆ, ಹತ್ತಿರ ಬಂದ ಬೆರಳಿಗೋ ನಳಿಕೆಗೋ ಒಮ್ಮೆಲೇ ಹಾರುತ್ತದೆ. ನಿಮ್ಮ ಕೈಪಿಡಿಯಲ್ಲಿ ಆ ರಿಂಗ್ ಅಂಟಿಸುವುದನ್ನು ಎರಡು ಪುಟ ವಿವರಿಸಿದ್ದೀರಿ. ಲೋಹದ ಭಾಗಗಳನ್ನು ಒಂದಕ್ಕೊಂದು ಸೇರಿಸಿ ಚಾರ್ಜ್ ಇಳಿಸುವ ಬಾಂಡಿಂಗ್ ತಂತಿಯ ಬಗ್ಗೆ ಒಂದು ಸಾಲೂ ಇಲ್ಲ.

ನಿಮಗೆ ಬರೆದಾಗ ಬಂದ ಉತ್ತರ, ‘ಇದು ಲೋಹದ ವಿಮಾನ ಅಲ್ಲ, ಸ್ಟ್ಯಾಟಿಕ್ ತೊಂದರೆ ಬರುವುದಿಲ್ಲ’ ಎಂದು. ಇದು ಪೂರ್ತಿ ತಲೆಕೆಳಗಾದ ಮಾತು. ಲೋಹದ ಮೈಯಾದರೆ ಒಂದು ತಂತಿ ಕಟ್ಟಿದರೆ ಸಾಕು, ಚಾರ್ಜ್ ನೆಲಕ್ಕೆ ಇಳಿಯುತ್ತದೆ. ಫೈಬರ್‌ಗ್ಲಾಸ್‌ನಲ್ಲಿ ಅದು ಹುಟ್ಟಿದ ಕಡೆಯೇ ನಿಲ್ಲುತ್ತದೆ. ಹಾಗಾಗಿ ದಾರಿಯನ್ನು ನಾವೇ ಮಾಡಿಕೊಡಬೇಕು, ಅಲ್ವಾ?

ಕಿಡಿ ತುಂಬಾ ಸಣ್ಣದು ಎಂದೂ ಬರೆದಿದ್ದೀರಿ. ಬೆರಳಿಗೆ ಚುರುಕ್ ಅನ್ನಿಸಲು ಸುಮಾರು 3,000 ವೋಲ್ಟ್ ಬೇಕು. ಮನುಷ್ಯನ ಮೈಯ ಕೆಪಾಸಿಟೆನ್ಸ್ (ಚಾರ್ಜ್ ಹಿಡಿದಿಡುವ ಸಾಮರ್ಥ್ಯ) 100 ಪಿಕೊಫ್ಯಾರಡ್ ಎಂದು ಹಿಡಿದರೂ ಆ ಕಿಡಿಯಲ್ಲಿ 0.45 ಮಿಲಿಜೌಲ್ ಇರುತ್ತದೆ. ಗಾಳಿಯ ಜೊತೆ ಹದವಾಗಿ ಬೆರೆತ ಪೆಟ್ರೋಲ್ ಆವಿ ಹೊತ್ತಿಕೊಳ್ಳಲು ಅಷ್ಟು ಕೂಡ ಬೇಕಾಗಿಲ್ಲ.

ಹಾರುವಾಗ ಸೇರಿದ ಚಾರ್ಜ್ ಹೊರಬಿಡುವ ಸಣ್ಣ ಕಡ್ಡಿಗಳಾದ ಸ್ಟ್ಯಾಟಿಕ್ ವಿಕ್‌ಗಳದ್ದೂ ಇದೇ ಕಥೆ. ರೆಕ್ಕೆಯ ಹಿಂದಿನ ಅಂಚಿಗೆ ಎಪಾಕ್ಸಿಯಲ್ಲಿ ಅಂಟಿಸಿ ಎಂದಿದ್ದೀರಿ, ಅಂಟಿಸಿದೆ. ಚಾರ್ಜ್ ಅಲ್ಲಿಯವರೆಗೆ ಹರಿದು ಬಂದರೆ ತಾನೇ ವಿಕ್ ಅದನ್ನು ಗಾಳಿಗೆ ಬಿಡುವುದು? ಮಳೆಯಲ್ಲಿ ಹಾರಿದಾಗ ಹೀಗೆ ಉಳಿದ ಚಾರ್ಜಿನಿಂದ ರೇಡಿಯೊ ತುಂಬಾ ಬರೀ ಸುಯ್ ಸದ್ದು, ಟವರ್ ಹೇಳಿದ್ದು ಕೇಳಿಸಲೇ ಇಲ್ಲ.

ಕೊನೆಗೆ ಟ್ಯಾಂಕ್ ಇರುವ ರೆಕ್ಕೆಯ ಅಡಿಯಲ್ಲಿ ಕೈ ಹೋಗುವಷ್ಟು ತೂತು ಕೊರೆದೆ. ಎರಡು ವರ್ಷ ಕೂತು ನಯ ಮಾಡಿದ ರೆಕ್ಕೆ ಅದು. ರಿಂಗ್‌ನ ಆನೋಡೈಸ್ ಪದರ (ವಿದ್ಯುತ್ ಹರಿಯಗೊಡದ ಲೇಪ) ಕೆರೆದು ಲೋಹ ಕಾಣಿಸಿ, ತವರ ಲೇಪಿಸಿದ ತಾಮ್ರದ ಹೆಣೆದ ಪಟ್ಟಿ ಹಾಕಿದೆ. ಅದನ್ನು ಟ್ಯಾಂಕಿನ ತಳದ ಡ್ರೇನ್ ವಾಲ್ವ್‌ಗೂ ಅಲ್ಲಿಂದ ಎಂಜಿನ್ ಮೌಂಟ್‌ಗೂ ಸೇರಿಸಿದೆ. ಸ್ಟ್ಯಾಟಿಕ್ ಇಳಿಯಲು ದಪ್ಪ ತಂತಿಯೇನೂ ಬೇಡ, ಕಡಿಯದ ದಾರಿ ಇದ್ದರೆ ಆಯ್ತು. ರೆಕ್ಕೆ ಮುಚ್ಚುವ ಮೊದಲು ಇದು ಹತ್ತು ನಿಮಿಷದ ಕೆಲಸ. ನನಗೆ ಮೂರು ವಾರ ಹಿಡಿಯಿತು.

ನನ್ನ ಖರ್ಚು ಕೊಡಿ ಎಂದು ಕೇಳುತ್ತಿಲ್ಲ. ಕೈಪಿಡಿಯ ಆ ಅಧ್ಯಾಯ ತಿದ್ದಿ. ಪ್ರತಿ ಕಿಟ್ ಜೊತೆ ಬಾಂಡಿಂಗ್ ಪಟ್ಟಿ ಕಳುಹಿಸಿ. ಪ್ಲಾಸ್ಟಿಕ್ ಕ್ಯಾನ್, ಪ್ಲಾಸ್ಟಿಕ್ ಆಲಿಕೆಯಲ್ಲಿ ಪೆಟ್ರೋಲ್ ಸುರಿಯಬೇಡಿ ಎಂದು ಮುಚ್ಚಳದ ಪಕ್ಕದಲ್ಲೇ ಬರೆಯಿರಿ. ಇದೇ ಕಿಟ್ ಕೊಂಡ ಎಲ್ಲರಿಗೂ ಪತ್ರ ಹೋಗಬೇಕು, ಇನ್ನೂ ರೆಕ್ಕೆ ಮುಚ್ಚದವರಿಗೆ ಮೊದಲು. ನಾನು ಮಾಡಿದ ಜೋಡಣೆಯ ಫೋಟೊಗಳನ್ನು ಇದರ ಜೊತೆ ಇಟ್ಟಿದ್ದೇನೆ, ಬಳಸಿಕೊಳ್ಳಿ. 15 ದಿನದೊಳಗೆ ಲಿಖಿತ ಉತ್ತರ ಕೊಡಿ.

ಇಂತಿ,
ನಿಮ್ಮ ಗ್ರಾಹಕ