ಅದು ಮಲ್ಲಿಗೆಯಲ್ಲ, ಕಾಫಿ ಹೂವು

ಮಾನ್ಯರೇ,

ಕೊಡಗಿಗೆ ಬರುವ ಪ್ರವಾಸಿಗರ ಪುಂಡಾಟದ ಬಗ್ಗೆ ಪತ್ರಗಳು ಬರುತ್ತಲೇ ಇರುತ್ತವೆ. ನಾನೂ ಅಂಥದ್ದೇ ಒಂದನ್ನು ಬರೆಯಲು ಕುಳಿತವನು. ಕಳೆ ಕತ್ತರಿಸುವ ಯಂತ್ರಕ್ಕೆ ಬಿಯರ್ ಬಾಟಲಿ ಸಿಕ್ಕಿ, ಚೂರು ಹಾರಿ ನಮ್ಮ ಕೆಲಸದವರ ಮೊಣಕಾಲಿಗೆ ನಾಲ್ಕು ಹೊಲಿಗೆ ಬಿದ್ದದ್ದನ್ನು ಮರೆತಿಲ್ಲ. ಆದರೆ ಈ ಮಾರ್ಚ್‌ನಲ್ಲಿ ನಡೆದದ್ದು ಬೇರೆ.

ನಮ್ಮ ತೋಟ ಮಕ್ಕಂದೂರಿನ ಬಳಿ ರಸ್ತೆಯಂಚಿನಲ್ಲಿದೆ. ಹೂಮಳೆ, ಅಂದರೆ ಕಾಫಿ ಗಿಡ ಹೂ ಬಿಡಿಸುವ ಬೇಸಿಗೆ ಮಳೆ, ಬಿದ್ದು ವಾರ ಕಳೆಯುವಷ್ಟರಲ್ಲಿ ರೊಬಸ್ಟಾ ಕಾಫಿ ಬೆಳ್ಳಗೆ ಅರಳಿತ್ತು. ಈ ಹೂವಿನ ಆಯುಷ್ಯ ಮೂರ್ನಾಲ್ಕು ದಿನ. ಅಷ್ಟರೊಳಗೆ ಗಾಳಿಯೋ ಜೇನೋ ಪರಾಗ ದಾಟಿಸಿದರೆ ಫಸಲು, ಇಲ್ಲದಿದ್ದರೆ ಇಲ್ಲ. ಬೆಂಗಳೂರಿನ ಕಾರೊಂದು ನಿಂತಿತು. ಹುಡುಗ ಬೇಲಿ ದಾಟಿ ಬಂದು ಮೊಳದುದ್ದದ ರೆಂಬೆಯೊಂದನ್ನು ಮುರಿದು ಹುಡುಗಿಯ ಕೈಗೆ ಕೊಟ್ಟ. "ನಿಮ್ಮಪ್ಪನ ತೋಟವಾ?" ಎಂದು ಕೂಗಿದೆ. ಅವನು ಮೊಬೈಲ್ ಎತ್ತಿ ಚಿತ್ರೀಕರಿಸತೊಡಗಿದ. ನಾನೂ ನನ್ನದನ್ನು ಎತ್ತಿದೆ. ಅರವತ್ತಮೂರು ವರ್ಷದ ನಾನು!

ಗೇಟಿನಿಂದ ಬಂದ ನನ್ನ ಹೆಂಡತಿ ನಮ್ಮಿಬ್ಬರ ಕಡೆಗೂ ನೋಡಲಿಲ್ಲ. ಹುಡುಗಿಯನ್ನು ಕೇಳಿದಳು: "ಘಮಘಮ ಅನ್ನುತ್ತದಲ್ಲವಾ ಮಗಳೇ?" ಆ ಮಗು ಹೂಂಗುಟ್ಟಿ, "ಕಾಡುಮಲ್ಲಿಗೆ ಅಂದುಕೊಂಡೆವು ಆಂಟಿ" ಎಂದಿತು. ದಿನಕ್ಕೆ ಮೂರು ಸಲ ಕಾಫಿ ಕುಡಿಯುವವರಿಗೆ ಕಾಫಿಗೂ ಹೂವಿದೆಯೆಂದು ಗೊತ್ತಿರಲಿಲ್ಲ. ಮುರಿದ ರೆಂಬೆಯ ಗಂಟುಗಳನ್ನು ಎಣಿಸಿ ಇಲ್ಲಿಷ್ಟು ಹಣ್ಣು, ಇಲ್ಲಿಷ್ಟು ಎಂದು ಇವಳು ತೋರಿಸಿದ ಮೇಲೆ ಹುಡುಗ ಕ್ಷಮೆ ಕೇಳಿದ. ವಿಡಿಯೊವನ್ನು ನನ್ನೆದುರೇ ಅಳಿಸಿದ. ನಾನು ನನ್ನದನ್ನು ಅಳಿಸಿದ್ದು ರಾತ್ರಿ.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ನಾವು ಮಡಿಕೇರಿಯ ಪರಿಹಾರ ಕೇಂದ್ರದಲ್ಲಿದ್ದೆವು. ಹೊದ್ದ ಕಂಬಳಿ ಬೆಂಗಳೂರಿನಿಂದ ಬಂದದ್ದು. ಕೂಗುವಾಗ ಅದು ನೆನಪಾಗಲಿಲ್ಲ.

ನಮ್ಮ ಕಡೆ ಒಬ್ಬ ಜೀಪಿನ ಹುಡುಗನಿದ್ದಾನೆ. ಮಾಂದಲಪಟ್ಟಿ ಬೆಟ್ಟಕ್ಕೆ ಹೋಗಲು ಜನ ಜೀಪು ಹತ್ತುವ ಮೊದಲೇ, "ಮಂಜು ಕವಿದರೆ ಬೆಟ್ಟ ಕಾಣುವುದಿಲ್ಲ, ಆದರೂ ಬಾಡಿಗೆ ಅಷ್ಟೇ. ಈಗಲೇ ಯೋಚಿಸಿ" ಎನ್ನುತ್ತಾನೆ. ಉಳಿದವರಿಗೆ ಮೇಲೆ ಹೋದ ಮೇಲೆ ಜಗಳ, ಇವನಿಗಿಲ್ಲ. ಹೋಂಸ್ಟೇ ನಡೆಸುವವರನ್ನು, ಜೀಪಿನವರನ್ನು, ನನ್ನಂಥ ಮೂಗಿನ ತುದಿಯಲ್ಲೇ ಸಿಟ್ಟಿರುವ ಬೆಳೆಗಾರರನ್ನು ಮಳೆಗಾಲದ ಬಿಡುವಿನಲ್ಲಿ ಒಂದು ದಿನ ಕೂರಿಸಿ, ಇಂಥ ಮಾತನ್ನು ಅಭ್ಯಾಸ ಮಾಡಿಸಲು ಜಿಲ್ಲಾಡಳಿತಕ್ಕೆ ಸಾಧ್ಯವಿಲ್ಲವೇ? ಕಲಿಸಲು ದೂರದ ಪರಿಣತರು ಬೇಡ, ಆ ಹುಡುಗನೇ ಸಾಕು. ಪ್ರವಾಸಿಗರಿಗೂ ಜೀಪು ಹತ್ತುವ ಜಾಗದಲ್ಲಿ ಐದು ನಿಮಿಷ ಯಾರಾದರೂ ಊರಿನ ವಿಷಯ ಹೇಳಲಿ. ಕೇಳದವರಿಗೆ ದಂಡ ಹಾಕಿ, ಬೇಡವೆನ್ನುವುದಿಲ್ಲ.

'ಅತಿಕ್ರಮ ಪ್ರವೇಶ ಶಿಕ್ಷಾರ್ಹ' ಎಂಬ ಫಲಕ ತೆಗೆದು, 'ಇದು ಕಾಫಿ ಹೂವು. ನೋಡಬೇಕೆಂದರೆ ಗೇಟಿನಲ್ಲಿ ಕೂಗಿ' ಎಂದು ಬರೆಸಿದ್ದೇನೆ. 'ದಯವಿಟ್ಟು' ಎಲ್ಲಿ ಎಂದು ಹೆಂಡತಿ ಕೇಳುತ್ತಿದ್ದಾಳೆ. ಫಲಕದಲ್ಲಿ ಜಾಗವಿಲ್ಲ.

– ಒಬ್ಬ ಕಾಫಿ ಬೆಳೆಗಾರ, ಮಕ್ಕಂದೂರು, ಮಡಿಕೇರಿ ತಾಲ್ಲೂಕು